ಟ್ಯಾಂಕಿನ ಸೈರನ್‌ಗೆ ಪವರ್ ಬ್ಯಾಂಕ್

ಕೋವಿಡ್ ಮುಗಿದು ಎರಡನೇ ವರ್ಷ. ನಾನಾಗ ಪೀಣ್ಯದ ಒಂದು ಎಲೆಕ್ಟ್ರೋಪ್ಲೇಟಿಂಗ್ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಮ್ಯಾನೇಜರ್. ಕಾರ್ಖಾನೆಯ ಕೊಳಕು ನೀರೆಲ್ಲ ನೆಲದಡಿಯ ಟ್ಯಾಂಕಿಗೆ ಹೋಗುತ್ತಿತ್ತು. ಅದನ್ನು ಖಾಲಿ ಮಾಡಿದ ಮೇಲೂ ತಳದಲ್ಲಿ ಉಳಿದ ಕೆಸರನ್ನು ಒಬ್ಬರು ಇಳಿದೇ ಕೆರೆಯಬೇಕಿತ್ತು. ಇಳಿಯುತ್ತಿದ್ದವನು ಯಾದಗಿರಿ ಕಡೆಯ ಮಲ್ಲಪ್ಪ. ಲಗ್ಗೆರೆಯಲ್ಲಿ ರೂಮು ಮಾಡಿಕೊಂಡಿದ್ದ.

ಕೆಸರು ಕಲಕಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಏಳುತ್ತದೆ. ಅದಕ್ಕೇ ಮೇಲಿನಿಂದ ಒಂದು ಬ್ಲೋವರ್ ಹೊಸ ಗಾಳಿ ತಳ್ಳುತ್ತಿತ್ತು. ಒಳಗಿನ ಗ್ಯಾಸ್ ಸೆನ್ಸರ್ ಅನ್ನು ಅಂಗೈಯಗಲದ ಒಂದು ಸಿಂಗಲ್ ಬೋರ್ಡ್ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಗ್ಯಾಸ್ ಏರಿದರೆ ಸೈರನ್, ಸೈರನ್ ಹೊಡೆದರೆ ಮಲ್ಲಪ್ಪ ಮೇಲಕ್ಕೆ. ಕರೆಂಟ್ ಹೋದಾಗಲೂ ಬೋರ್ಡ್ ಆರಬಾರದು. ಆರಿದರೆ ಅದು ಮತ್ತೆ ಶುರುವಾಗಿ, ಸೆನ್ಸರ್ ಬಿಸಿಯಾಗಿ, ಸರಿಯಾದ ಲೆಕ್ಕ ಕೊಡುವಷ್ಟರಲ್ಲಿ ಹಲವು ನಿಮಿಷ ಕಳೆಯುತ್ತವೆ.

ನಾನು ಕೇಳಿದ್ದು ಇಂಥ ಬೋರ್ಡ್‌ಗೆಂದೇ ಮಾಡುವ ಯುಪಿಎಸ್. ಅದು ಬರುವುದು ತಡವಾಯಿತು. ಟ್ಯಾಂಕ್ ತುಂಬಿತ್ತು, ಮಾಲೀಕರಿಗೆ ಕಾಯುವ ತಾಳ್ಮೆ ಇರಲಿಲ್ಲ. ಆಟೊಮೇಷನ್ ಎಂಜಿನಿಯರ್ ಪ್ರಶಾಂತ್ ಒಂದು ಪವರ್ ಬ್ಯಾಂಕ್ ಸಿಕ್ಕಿಸಿದ.

"ಇದು ಮೊಬೈಲ್‌ಗೆ ಮಾಡಿರೋದು ಕಣಪ್ಪ," ಅಂದೆ.

"ನೋಡಿ ಮೇಡಂ," ಅಂತ ಗೋಡೆಯ ಪ್ಲಗ್ ಕಿತ್ತ. ಬೋರ್ಡ್ ಆರಲಿಲ್ಲ. ಮಾಲೀಕರು ತಲೆಯಾಡಿಸಿದರು. ನನ್ನ ಮಾತು ನಡೆಯಲಿಲ್ಲ.

ಮಾರನೆಯ ದಿನ ಟ್ಯಾಂಕಿನ ನೀರು ಖಾಲಿ ಮಾಡಿಸಿದ ಮೇಲೆ ಮಲ್ಲಪ್ಪ ಇಳಿದ. ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ರಾಟೆಯ ಮೇಲಿಂದ ಇಳಿದ ಹಗ್ಗ. ಟ್ಯಾಂಕಿನ ಬಾಯಲ್ಲಿ ಕಾವಲಿಗೆ ರಮೇಶ. ಮಧ್ಯಾಹ್ನಕ್ಕೆ ಮುಂಚೆ ಕರೆಂಟ್ ಹೋಯಿತು. ನಾನು ಪ್ಯಾನೆಲ್ ರೂಮಿಗೆ ಓಡಿ ಜನರೇಟರ್ ಹಾಕಿಸಿದೆ. ಲೈಟ್ ಬಂತು. ವಾಪಸ್ ಬರುವಾಗ ನೋಡಿದರೆ ಗೇಟಿನ ಟೀ ಅಂಗಡಿ ಮುಂದೆ ಅರ್ಧ ಕಾರ್ಖಾನೆ. ಪೀಣ್ಯದಲ್ಲಿ ಕರೆಂಟ್ ಹೋಯಿತೆಂದರೆ ಟೀ. ಯಾರೂ ಹೇಳಬೇಕಿಲ್ಲ, ಕಾಲು ತಾನಾಗಿ ಆ ಕಡೆ ನಡೆಯುತ್ತದೆ. ಆ ಗುಂಪಿನಲ್ಲಿ ರಮೇಶನೂ ಇದ್ದ!

"ಟ್ಯಾಂಕ್ ಹತ್ರ ಯಾರಿದಾರೋ?"

"ಮಲ್ಲಪ್ಪ ಒಳಗವ್ನೆ ಮೇಡಂ. ಸೈರನ್ ಏನೂ ಹೊಡ್ದಿಲ್ವಲ್ಲ."

ಕರೆಂಟ್ ಹೋಗಿ ಬಂದರೆ ಬ್ಲೋವರ್ ತಾನಾಗಿ ತಿರುಗುವುದಿಲ್ಲ. ಹಸಿರು ಬಟನ್ ಮತ್ತೆ ಒತ್ತಬೇಕು. ಒತ್ತಬೇಕಾದವನ ಕೈಯಲ್ಲಿ ಟೀ ಲೋಟ.

ಓಡಿದೆ. ಪ್ರಶಾಂತನೂ ಹಿಂದೆಯೇ ಬಂದ. ಬ್ಲೋವರ್ ನಿಂತಿತ್ತು. ಬೋರ್ಡಿನ ಪುಟ್ಟ ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಏರುತ್ತಿದ್ದವು. ಅದು ಆಗಷ್ಟೇ ಹೊಸದಾಗಿ ಶುರುವಾಗುತ್ತಿತ್ತು! ಕರೆಂಟ್ ಹೋದಾಗ ಪವರ್ ಬ್ಯಾಂಕ್ ಕೈಕೊಟ್ಟಿರಲಿಲ್ಲ. ಕರೆಂಟ್ ಬಂದಾಗ, ಕೊಡುವುದನ್ನು ಬಿಟ್ಟು ತಾನು ಚಾರ್ಜ್ ಆಗಲು ಹೊರಳುವ ಆ ಒಂದು ಕ್ಷಣದಲ್ಲಿ, ಬೋರ್ಡನ್ನು ನಡುನೀರಿನಲ್ಲಿ ಬಿಟ್ಟಿತ್ತು. ಪ್ಲಗ್ ಕಿತ್ತಾಗ ನೋಡಿದ್ದೆವು, ಮತ್ತೆ ಹಾಕಿದಾಗ ಯಾರೂ ನೋಡಿರಲಿಲ್ಲ.

ಬಟನ್ ಒತ್ತಿ ಕೂಗಿದೆ, "ಮಲ್ಲಪ್ಪ!" ಉತ್ತರವಿಲ್ಲ. ಪ್ರಶಾಂತ ಏಣಿಗೆ ಕಾಲಿಟ್ಟ. ಕಾಲರ್ ಹಿಡಿದು ಎಳೆದೆ.

"ಇಳಿದ್ರೆ ನೀನೂ ಹೋಗ್ತೀಯ! ಹಗ್ಗ ಎಳಿ!"

ಓಡಿ ಬಂದ ರಮೇಶನೂ ಕೈಹಾಕಿದ. ರಾಟೆ ಕಿರುಗುಟ್ಟಿತು. ಅಷ್ಟು ಭಯ ನನಗೆ ಯಾವತ್ತೂ ಆಗಿಲ್ಲ. ಮೇಲೆ ಬಂದ ಮಲ್ಲಪ್ಪನ ಕತ್ತು ಜೋತುಬಿದ್ದಿತ್ತು. ಬಯಲಿಗೆ ಎಳೆದೊಯ್ದು ಮಲಗಿಸಿದೆವು. ಒಮ್ಮೆ ಕೆಮ್ಮಿದ, ವಾಂತಿ ಮಾಡಿದ. ಬದುಕಿದ್ದಾನೆ ಎಂದು ಗೊತ್ತಾದಾಗ ನಾನು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ.

ಸಂಜೆ ಆಸ್ಪತ್ರೆಯಲ್ಲಿ ಅವನಿಗೆ ಮಾತು ಬಂತು. "ಮೊದಲ ಕೊಳೆತ ತತ್ತಿ ವಾಸನಿ ಬಂತ್ರಿ. ಆಮ್ಯಾಲ ಹೋತು. ಲೈಟೂ ಬಂತು. ಗಾಳಿ ಬಂದಿರಬೇಕು ಅಂತ ತಿಳಕೊಂಡೆ."

ಆ ಗ್ಯಾಸ್ ಹೆಚ್ಚಾದಾಗ ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಹೋಗಿರಲಿಲ್ಲ, ಅವನಿಗೆ ತಿಳಿಯುವುದು ನಿಂತಿತ್ತು. ಪ್ರಶಾಂತ ಗೋಡೆಗೆ ಮುಖ ಮಾಡಿ ಅಳುತ್ತಿದ್ದ.

ಮಲ್ಲಪ್ಪ ಚೇತರಿಸಿಕೊಂಡು ಕೆಲಸಕ್ಕೆ ಬರುವಷ್ಟರಲ್ಲಿ ಯುಪಿಎಸ್ ಬಂತು. ಕರೆಂಟ್ ಹೋದರೂ ಬಂದರೂ ಒಂದು ಕ್ಷಣವೂ ತಪ್ಪದೆ ಬೋರ್ಡ್‌ಗೆ ಕೊಡುವಂಥದ್ದು, ಸೆಖೆಗೆ ಉಬ್ಬದ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನದು. ಬ್ಲೋವರ್ ನಿಂತರೂ ಸೈರನ್ ಹೊಡೆಯುವಂತೆ ಮಾಡಿದೆವು. ಪ್ರಶಾಂತ ಮೇಜಿನ ಮೇಲೆ ಪ್ಲಗ್ ಕಿತ್ತು, ಹಾಕಿ, ಕಿತ್ತು, ಹಾಕಿ ದಿನವಿಡೀ ನೋಡಿದ. ಎಲ್ಲ ಸರಿಯಿದೆ ಎಂದು ಮಲ್ಲಪ್ಪನಿಗೆ ಹೇಳಿದೆ. ಅವನು ನನ್ನನ್ನೇ ದಿಟ್ಟಿಸಿದ.

"ಹಂಗಾದ್ರ ನೀವ ಮೊದಲ ಇಳೀರಿ ಮೇಡಂ."

ಕೋಪ ಬರಲಿಲ್ಲ. ಕೇಳುವ ಹಕ್ಕು ಅವನಿಗಿತ್ತು. ಟ್ಯಾಂಕನ್ನು ಮೇಲಿನಿಂದಲೇ ನೀರು ಹಾಯಿಸಿ ತೊಳೆಸಿ, ಗಾಳಿ ಪರೀಕ್ಷಿಸಿ, ಬೆಲ್ಟು ಕಟ್ಟಿಕೊಂಡು ಇಳಿದೆ. ಹಗ್ಗ ಮಲ್ಲಪ್ಪನ ಕೈಯಲ್ಲಿತ್ತು. ಪ್ರಶಾಂತ ಮೇನ್ ಸ್ವಿಚ್ ತೆಗೆದ. ಗಾಢ ಕತ್ತಲು, ಕಿವಿ ಒಡೆಯುವಂತೆ ಸೈರನ್. ಮತ್ತೆ ಮೇನ್ ಕೊಟ್ಟ. ಲೈಟ್ ಹತ್ತಿತು, ಬ್ಲೋವರ್ ಇನ್ನೂ ನಿಂತೇ ಇತ್ತು, ಸೈರನ್ ಕೂಗುತ್ತಲೇ ಇತ್ತು. ಆ ಕರ್ಕಶ ಸದ್ದು ಕೇಳಿ ನನಗೆ ಕಣ್ಣೀರು ಬಂತು.

ಎಂಜಿನಿಯರ್‌ಗಳು ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಆಯ್ಕೆ ಮಾಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೆ. ಅದನ್ನು ಟ್ಯಾಂಕಿನ ತಳದಲ್ಲಿ ನಿಂತು ಆಯ್ಕೆ ಮಾಡಬೇಕು ಎಂದು ಈ ಕೆಲಸ ನನಗೆ ಕಲಿಸಿತು. ಏಣಿ ಹತ್ತಿ ಮೇಲೆ ಬಂದಾಗ ಮಲ್ಲಪ್ಪ ಹಗ್ಗ ಬಿಟ್ಟು, ತಾನು ಇಳಿಯಲು ಬೆಲ್ಟಿಗಾಗಿ ಕೈಚಾಚಿದ.