ನವಮಿ ಚಂದ್ರನ ಮೇಲೊಂದು ಎಳೆ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ಶುರುವಾದ ಮಗ್ಗದ ಸದ್ದು ನಿಲ್ಲುವುದು ರಾತ್ರಿ ಎಂಟಕ್ಕೆ. ಅಲ್ಲಿ ಹುಟ್ಟಿದ ಕೂಸು ಸದ್ದಿಗೆ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಎಚ್ಚರವಾಗಿ ಅಳುತ್ತದೆ. ಅಮ್ಮಯಮ್ಮ ದೊಡ್ಡಬೆಳವಂಗಲದಿಂದ ಮದುವೆಯಾಗಿ ಬಂದ ಹೊಸತರಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಿದ್ದಳಂತೆ. ಅದು ನಲವತ್ತೊಂಬತ್ತು ವರ್ಷದ ಹಿಂದಿನ ಮಾತು. ಗಂಡ ವೆಂಕಟರಾಯಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಈಗ ಅವಳಿಗೆ ಅರವತ್ತೆಂಟು. ಮಗ್ಗದ ಮನೆ ನಡೆಸುವ ಮೈದುನನ ಮಗ ಮುನಿಕೃಷ್ಣನ ಹಿತ್ತಲ ಕೋಣೆಯಲ್ಲಿ ಅವಳ ವಾಸ, ಕೈಯಲ್ಲಿ ಅವಳದೇ ಕಸುಬು.

ಅವಳ ಕಸುಬು ಅಚ್ಚು ಕೆಚ್ಚುವುದು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿದು ಮಗ್ಗ ನಿಂತಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಒಂದು ಹಾಸಿಗೆ ನಾಲ್ಕು ಸಾವಿರದ ಚಿಲ್ಲರೆ ರೇಷ್ಮೆ ಎಳೆ. ಬೆರಳು ಜಾರದಂತೆ ಬೂದಿ ಮುಟ್ಟಿಕೊಂಡು, ಎಳೆ ಹಿಡಿದು, ತಿರುವಿ, ಬಿಟ್ಟು, ಮುಂದಿನದಕ್ಕೆ ಹೋಗಬೇಕು. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅಮ್ಮಯಮ್ಮ ಕೆಚ್ಚಿದ ಹಾಸಿನಲ್ಲಿ ಗೆರೆ ಬಿದ್ದದ್ದನ್ನು ಬೀದಿಯವರು ಕಂಡಿರಲಿಲ್ಲ. ಓದು ಅಂದರೆ ಅವಳಿಗೆ ರುಜು ಹಾಕಲು ಬರುತ್ತಿತ್ತು, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಹೇಳುತ್ತಿದ್ದಳು, ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಿದ್ದಳು. ಅಷ್ಟೇ.

ಆ ಮಗ್ಗದ ಮನೆಯ ಮಹಡಿಗೆ ಬಾಡಿಗೆಗೆ ಬಂದವಳು ಮೆಹ್ನಾಜ್. ಹತ್ತಿರದ ಮಧುರೆ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ದೀಪಾವಳಿ ರಜೆ ಕಳೆದ ಮೇಲೆ ಅವಳೊಂದು ದೂರದರ್ಶಕ ತರಿಸಿಕೊಂಡಳು. ನೀರಿನ ಪೈಪಿನಂಥ ದಪ್ಪ ಕೊಳವೆ, ತಳದಲ್ಲೊಂದು ಕನ್ನಡಿ, ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಗಾಜು. ಆ ಗಾಜಿಗೆ ಫೋನನ್ನು ಕ್ಲಿಪ್ಪಿನಲ್ಲಿ ಕಚ್ಚಿಸಿದರೆ ಚಂದ್ರನ ಫೋಟೋ ತೆಗೆಯಬಹುದು, ಮಕ್ಕಳಿಗೆ ತೋರಿಸಬಹುದು ಎಂದು ಅವಳ ಆಸೆ.

ಮಾಘ ಮಾಸದ ಒಂದು ಸಂಜೆ, ಏಕಾದಶಿಗೆ ಇನ್ನೆರಡು ದಿನವಿತ್ತು. ಅಮ್ಮಯಮ್ಮ ಕೆಚ್ಚುವ ಕೆಲಸ ಮುಗಿಸಿ, ಒಣಗಿದ ಬಟ್ಟೆ ತರಲು ಮಹಡಿ ಹತ್ತಿದಳು. ಮೆಹ್ನಾಜ್ ಕೈಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು.

"ನೋಡಿ ಅಜ್ಜಿ. ಇದರಲ್ಲಿ ತಲೆಕೆಳಗಾಗಿ ಕಾಣ್ಸುತ್ತೆ, ಗಾಬರಿಯಾಗ್ಬೇಡಿ."

"ಮಗ್ಗದಲ್ಲಿ ಸೀರೇನೂ ಹಿಂದುಮುಂದಾಗೇ ಕಾಣ್ಸೋದು ಕಣಮ್ಮ. ಅದೇನೂ ಹೊಸದಲ್ಲ," ಎಂದು ಅಮ್ಮಯಮ್ಮ ಬಲಗಣ್ಣು ಇಟ್ಟಳು.

ಮೊಲ ಇದೆ ಎಂದು ನಂಬಿಕೊಂಡು ಬಂದಿದ್ದ ಜಾಗದಲ್ಲಿ, ದೋಸೆಯ ಮೇಲಿನ ತೂತಿನಂತೆ ಕುಳಿಗಳು! ಬೆಳಕೂ ಕತ್ತಲೆಯೂ ಸೇರುವ ಅಂಚಿನಲ್ಲಿ ಕುಳಿಗಳ ನೆರಳು ಮೊಳದುದ್ದ ಬಿದ್ದಿದೆ. ಅವಳು ಬಟ್ಟೆ ನೋಡುವ ಹಾಗೆ ಒಂದು ತುದಿಯಿಂದ ನೋಡುತ್ತಾ ಬಂದಳು. ಬಯಲಿನಂಥ ನುಣುಪು ಜಾಗದಲ್ಲಿ ಒಂದು ಕಪ್ಪು ಗೆರೆ ಕಂಡಿತು. ಸಣ್ಣದು, ನೆಟ್ಟಗೆ. ಅದರ ಪಕ್ಕದಲ್ಲಿ ಗುಂಡುಸೂಜಿಯ ತಲೆಯಷ್ಟು ಒಂದು ಕುಳಿ.

ಬಟ್ಟೆಯ ಮೇಲೆ ಕಡಿದ ಎಳೆ ಕಂಡರೆ ಅವಳ ಬೆರಳು ಅಪ್ಪಣೆ ಕೇಳುವುದಿಲ್ಲ. ಟೀಚರು ಹಾಂ ಹೂಂ ಅನ್ನುವಷ್ಟರಲ್ಲಿ ಅಮ್ಮಯಮ್ಮ ಗಾಜನ್ನು ಬೆರಳಿಂದ ಒರೆಸಿಬಿಟ್ಟಿದ್ದಳು. ಬೆರಳ ತುಂಬ ಬೂದಿ. ಮತ್ತೆ ಕಣ್ಣಿಟ್ಟಳು. ಚಂದ್ರ ಒಲೆಯ ಹೊಗೆಯೊಳಗೆ ಹೊಕ್ಕಂತಿದ್ದ. ಆದರೂ ಹೊಗೆಯ ಒಳಗೆ ಆ ಗೆರೆ ಇನ್ನೂ ಇತ್ತು. ಚಂದ್ರ ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಸರಿದ. ಗೆರೆಯೂ ಅವನ ಜೊತೆಗೇ ಸರಿದುಹೋಯಿತು.

ಮೆಹ್ನಾಜ್ ನೋಡುವಾಗ ಹೊಗೆಯ ಹೊರತು ಬೇರೇನೂ ಕಾಣಲಿಲ್ಲ. "ಕೂದಲು ಬಿದ್ದಿರ್ಬೇಕು ಅಜ್ಜಿ. ಇರ್ಲಿ ಬಿಡಿ, ತೊಳೀತೀನಿ," ಎಂದಳು, ನಗು ತಡೆದುಕೊಂಡು.

ಮರುದಿನ ಮೋಡ. ಏಕಾದಶಿಯ ಸಂಜೆ ಗಾಜು ಶುಭ್ರ, ಆಕಾಶ ಶುಭ್ರ, ಗೆರೆ ಮಾತ್ರ ಇಲ್ಲ!

ಗೇಲಿ ಮಾಡಲು ಮುನಿಕೃಷ್ಣನಿಗೆ ಇಷ್ಟು ಸಾಕಾಯಿತು. ಹಿಂದಿನ ತಿಂಗಳು ಕಣ್ಣಿನ ಶಿಬಿರದಲ್ಲಿ ಡಾಕ್ಟರು, ಎಡಗಣ್ಣಿಗೆ ಪೊರೆ ಬರುತ್ತಿದೆ, ಬಲಗಣ್ಣು ಚೆನ್ನಾಗಿದೆ ಎಂದಿದ್ದರು. ಅಮ್ಮಯಮ್ಮನೇ ಅದನ್ನು ಮುನಿಕೃಷ್ಣನಿಗೆ ಹೇಳಿದ್ದಳು. ಅವನು ಈಗ ಪೊರೆಯನ್ನೂ ಗೆರೆಯನ್ನೂ ಕೂಡಿಸಿಕೊಂಡು ಬೀದಿಯಲ್ಲಿ ಹಂಚಿದ.

"ನಮ್ ದೊಡ್ಡಮ್ಮ ಚಂದ್ರನ ಮೇಲೆ ಎಳೆ ಕಡಿದಿರೋದ ನೋಡವ್ಳೆ. ಕೆಚ್ಚಕ್ಕೆ ಏಣಿ ಹುಡುಕ್ತಾವ್ಳೆ!"

"ಲೇ, ನಾನು ನೋಡಿದ್ದು ನಿಜ ಕಣೋ. ಗಾಜಿನ ಮೇಲಿದ್ದಿದ್ರೆ ಇದ್ದಲ್ಲೇ ಇರ್ತಿತ್ತು. ಅದು ಚಂದ್ರನ ಜೊತೇಲಿ ನಡೀತು. ಕನ್ನಡಕದ ಮೇಲಿನ ಧೂಳು ಬಟ್ಟೆ ಜೊತೆ ಓಡ್ತದೇನೋ?"

"ಕಣ್ಣಲ್ಲಿರೋ ಪೊರೆ ಎಲ್ ಬೇಕಾದ್ರೂ ನಡೀತದೆ ದೊಡ್ಡಮ್ಮ."

ಎಲ್ಲರೂ ನಕ್ಕರು. ಅಮ್ಮಯಮ್ಮನೂ ನಕ್ಕಳು. ಆದರೆ ಆ ವಾರ ಎದುರು ಮನೆಯ ಕೆಂಪರಾಜು ಹಾಸು ಕೆಚ್ಚಲು ಬೇರೆಯವರನ್ನು ಕರೆಸಿದ. ಮುಂದಿನ ವಾರ ಮೂಲೆಮನೆಯವರೂ ಹಾಗೇ ಮಾಡಿದರು. ಯಾರೂ ಕೆಟ್ಟ ಮಾತಾಡಲಿಲ್ಲ. "ನೀವು ಸುಧಾರಿಸಿಕೊಳ್ಳಿ ಅಮ್ಮ," ಎಂದರು. ಕಣ್ಣು ಹೋಯಿತೆಂಬ ಮಾತು ಒಮ್ಮೆ ಹುಟ್ಟಿದರೆ ಅವಳ ಕೈಗೆ ಎಳೆ ಕೊಡುವವರು ಯಾರು? ಕೆಲಸವಿಲ್ಲದ ಮಧ್ಯಾಹ್ನ ಅಮ್ಮಯಮ್ಮ ಬೂದಿಯ ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಸಂಜೆ ಮತ್ತೆ ನೆಟ್ಟಗಿಟ್ಟಳು.

ಅವಳು ಲೆಕ್ಕ ಹಾಕಿದಳು. ಗೆರೆ ಕಂಡದ್ದು ನವಮಿ. ಏಕಾದಶಿಗೆ ಇರಲಿಲ್ಲ. ನೆರಳಾಗಿದ್ದರೆ ಬಿಸಿಲು ಏರಿದಂತೆ ಹೋಗಿರುತ್ತದೆ, ನಮ್ಮ ಅಂಗಳದ ತುಳಸಿಕಟ್ಟೆಯ ನೆರಳು ಮಧ್ಯಾಹ್ನಕ್ಕೆ ಹೋಗುವ ಹಾಗೆ. ನೆರಳಾಗಿದ್ದರೆ ಮತ್ತೆ ಬರಲೇಬೇಕು. ಕ್ಯಾಲೆಂಡರಿನ ಮುಂದಿನ ಹಾಳೆಯ ಶುಕ್ಲ ನವಮಿಯ ಮೇಲೆ ಕುಂಕುಮದ ಬೊಟ್ಟಿಟ್ಟಳು.

ಆ ದಿನ ಬಂತು. ಸಂಜೆ ಆರೂವರೆಗೆ ಚಂದ್ರ ನೆತ್ತಿಯ ಹತ್ತಿರ ನಿಂತಿದ್ದ. ಅಮ್ಮಯಮ್ಮ ಸೋಪು ಹಾಕಿ ಎರಡು ಸಲ ಕೈ ತೊಳೆದು, ಬೆರಳುಗಳನ್ನು ಟೀಚರಿಗೆ ತೋರಿಸಿ, ಆಮೇಲೆ ಕೂತಳು. ಕಣ್ಣಿಟ್ಟಳು. ಮೆಲ್ಲಗೆ ಹುಡುಕಿದಳು. ಗುಂಡುಸೂಜಿಯ ಕುಳಿ, ಅದರ ಪಕ್ಕದಲ್ಲಿ...

"ಬಂದೈತೆ ಕಣಮ್ಮ!"

ಮೆಹ್ನಾಜ್ ನೋಡಿದಳು. "ಅಯ್ಯೋ ಅಜ್ಜಿ! ಹೌದು! ಇದೆ! ನಾನು ಕೂದಲು ಅಂದ್ಬಿಟ್ನಲ್ಲ!" ಎಂದು ಅವಳ ಕೆನ್ನೆ ಹಿಂಡಿದಳು. ಓಡಿಹೋಗಿ ಚಂದ್ರನ ನಕ್ಷೆ ತಂದು ತಿರುಗಿಸಿ ಹಿಡಿದು ಹುಡುಕಿದಳು. ಅದೊಂದು ಕಡಿದಾದ ಇಳಿಜಾರು, ನೂರು ಕಿಲೋಮೀಟರಿಗೂ ಉದ್ದ, ಅಲ್ಲಿ ಬೆಳಗಾಗುವಾಗ ಅದರ ನೆರಳು ಹೀಗೆ ಗೆರೆಯಾಗಿ ಬೀಳುತ್ತದೆ ಎಂದು ವಿವರಿಸಿದಳು.

"ಇದನ್ನ ಕೆಳಗಿರೋನಿಗೂ ತೋರ್ಸ್ಬೇಕಲ್ಲ. ಬಾಯಿಮಾತಿಗೆ ಅವ್ನು ಒಪ್ಪಲ್ಲ. ಫೋಟೋ ತೆಗಿ."

ಫೋನು ಕಚ್ಚಿಸಿ ತೆಗೆದರು. ಫೋಟೋದಲ್ಲಿ ಚಂದ್ರ ಕೊಡದ ನೀರಿನಲ್ಲಿ ಅಲ್ಲಾಡುವಂತಿದ್ದ. ಗೆರೆ ಇಲ್ಲ. ಫೋನು ಮುಟ್ಟದೆ ತೆಗೆದರು, ಉಸಿರು ಹಿಡಿದು ತೆಗೆದರು, ಇಪ್ಪತ್ತಾರು ಫೋಟೋ. ಎಲ್ಲವೂ ಹಾಗೇ.

"ಫೋನೇ ಸರಿ ಇಲ್ಲ ಅಜ್ಜಿ," ಎಂದು ಮೆಹ್ನಾಜ್ ಅಳುಮುಖ ಮಾಡಿದಳು.

ಅಮ್ಮಯಮ್ಮ ಎದ್ದು ನಿಲ್ಲಲು ಮೋಟುಗೋಡೆ ಹಿಡಿದಳು. ಅಂಗೈಗೆ ಏನೋ ತಾಗಿತು. ಡಬಡಬ, ಡಬಡಬ. ಕೈ ತೆಗೆದಳು, ಮತ್ತೆ ಇಟ್ಟಳು. ನಲವತ್ತೊಂಬತ್ತು ವರ್ಷ ಕೇಳಿ ಕೇಳಿ ಕಿವಿಗೆ ಮರೆತುಹೋದದ್ದನ್ನು ಅಂಗೈ ಹೇಳುತ್ತಿತ್ತು. ಕೆಳಗೆ ಮುನಿಕೃಷ್ಣನ ಎರಡು ಮಗ್ಗ ಓಡುತ್ತಿದ್ದವು. ಇಡೀ ಮಹಡಿ ನಡುಗುತ್ತಿತ್ತು. ಕಣ್ಣು ತಾಳಿಕೊಂಡ ನಡುಕವನ್ನು ಫೋನು ತಾಳುತ್ತಿರಲಿಲ್ಲ.

ನಿಲ್ಲಿಸು ಎಂದರೆ ಅವನು ನಿಲ್ಲಿಸುವವನಲ್ಲ. ಸೀರೆ ಕೊಡುವ ಗಡುವು ಅವನಿಗೂ ಇತ್ತು. ಅಮ್ಮಯಮ್ಮ ಮೆಟ್ಟಿಲ ತುದಿಗೆ ಹೋಗಿ ಕೂಗಿದಳು.

"ಲೇ ಮುನಿಕೃಷ್ಣ! ನೀ ಹೇಳಿದ್ದೇ ಸರಿ ಅನ್ಸ್ತದೆ ಕಣೋ. ಬಂದು ನೋಡಿ ಹೇಳು. ಗೆರೆ ಇಲ್ಲ ಅಂದ್ರೆ ನಾಳೆಯಿಂದ ನಾನು ಎಳೆ ಮುಟ್ಟಲ್ಲ."

ಇಂಥ ಕರೆ ಬಂದರೆ ಯಾರು ಬಿಡುತ್ತಾರೆ? ಓಡುವ ಮಗ್ಗವನ್ನು ಹಾಗೇ ಬಿಟ್ಟು ಯಾವ ನೇಕಾರನೂ ಏಳುವುದಿಲ್ಲ. ಒಂದು ಮಗ್ಗ ನಿಂತಿತು. ಇನ್ನೊಂದೂ ನಿಂತಿತು. ಅಮ್ಮಯಮ್ಮ ಮೋಟುಗೋಡೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಳು.

"ಈಗ ತೆಗಿಯಮ್ಮ. ಬೇಗ!"

ಮುನಿಕೃಷ್ಣ ಮೆಟ್ಟಿಲು ಹತ್ತಿ, ಮೈಗೆ ಅಂಟಿದ ನೂಲಿನ ಚೂರು ಕೊಡವಿಕೊಂಡು ಬರುವಷ್ಟರಲ್ಲಿ ಮೆಹ್ನಾಜ್ ಒಂಬತ್ತು ಫೋಟೋ ತೆಗೆದಿದ್ದಳು. ಫೋನನ್ನು ಅವನ ಕೈಗಿಟ್ಟಳು.

ಅವನು ನೋಡಿದ. ಕುಳಿಗಳು ಒಂದೊಂದೂ ಎಣಿಸುವ ಹಾಗಿದ್ದವು. ನುಣುಪು ಬಯಲಿನ ಮೇಲೆ ಕಪ್ಪು ಗೆರೆ. ಅವನು ಪರದೆಯನ್ನು ಹೆಬ್ಬೆರಳಿನಿಂದ ಒರೆಸಿದ. ಊದಿದ. ಪಂಚೆಯ ತುದಿಯಿಂದ ಉಜ್ಜಿದ. ಗೆರೆ ಹೋಗಲಿಲ್ಲ.

"ಉಜ್ಜಪ್ಪ, ಚೆನ್ನಾಗಿ ಉಜ್ಜು. ಬೂದಿ ಬೇಕಾದ್ರೆ ತಂದ್ಕೊಡ್ತೀನಿ," ಎಂದಳು ಅಮ್ಮಯಮ್ಮ.

ಮೆಹ್ನಾಜ್ ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದಳು. ಮುನಿಕೃಷ್ಣ ದೂರದರ್ಶಕಕ್ಕೂ ಕಣ್ಣಿಟ್ಟು ನೋಡಿದ. ಆಮೇಲೆ ಮೋಟುಗೋಡೆಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿದ: "ಕೆಂಪರಾಜೂ! ಬಾರ್ಲಾ ಇಲ್ಲಿ! ನಮ್ ದೊಡ್ಡಮ್ಮನ ಎಳೆ ನೋಡು!"

ಕೆಂಪರಾಜು ಮಗ್ಗ ನಿಲ್ಲಿಸಿ ಬಂದ. ಮೂಲೆಮನೆಯವರು ನಿಲ್ಲಿಸಿ ಬಂದರು. ಮೆಟ್ಟಿಲ ಮೇಲೆ ಸಾಲು ನಿಂತಿತು. ಒಬ್ಬೊಬ್ಬರು ಬಂದಂತೆ ಒಂದೊಂದು ಮಗ್ಗ ನಿಂತು, ಚಂದ್ರ ಇನ್ನಷ್ಟು ಗಟ್ಟಿಯಾಗುತ್ತಾ ಹೋದ. ಏಳೂಕಾಲಿಗೆ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದು, "ಕರೆಂಟ್ ಹೋಯ್ತಾ?" ಎಂದು ಕೇಳಿ, ತಮ್ಮ ಮನೆಯ ದೀಪ ಉರಿಯುತ್ತಿರುವುದನ್ನು ನೋಡಿ ಬೆಪ್ಪಾದರು. ಎಲ್ಲೋ ಒಂದು ಕೂಸು ಎಚ್ಚರವಾಗಿ ಅಳತೊಡಗಿತು.

ಕೆಂಪರಾಜು ಕಣ್ಣು ತೆಗೆದು ತಲೆ ಕೆರೆದುಕೊಂಡ. "ಅಮ್ಮ, ನಾಳಿದ್ದು ನಮ್ಮನೆ ಹಾಸು ಮುಗೀತದೆ. ಬರ್ತೀರಾ?"

"ಬರ್ತೀನಿ. ಬಲಗಣ್ಣಲ್ಲಿ ಕೆಚ್ತೀನಿ. ಎಡಗಣ್ಣಿಗೆ ಮುಂದಿನ ತಿಂಗಳು ಆಪರೇಷನ್ ಅಂದವ್ರೆ. ಇದ್ದದ್ದು ಇದ್ದ ಹಾಗೆ ಹೇಳಿದ್ದೀನಿ."

ಆ ಫೋಟೋ ಈಗ ಮಧುರೆಯ ಶಾಲೆಯ ಗೋಡೆಯ ಮೇಲಿದೆ. ಇನ್ನೊಂದು ಪ್ರತಿ ಮುನಿಕೃಷ್ಣನ ಮಗ್ಗದ ಮನೆಯಲ್ಲಿ, ದೇವರ ಪಟದ ಪಕ್ಕದಲ್ಲಿ. ಅದನ್ನು ತಲೆಕೆಳಗಾಗಿಯೇ ಹಾಕಿದ್ದಾರೆ. ಕಂಡದ್ದು ಹಾಗೆ, ಹಾಗೇ ಇರಲಿ ಎಂದವಳು ಅಮ್ಮಯಮ್ಮ.

ಫೋಟೋ ತೆಗೆದ ಮರುದಿನ ಬೆಳಿಗ್ಗೆ ಅವಳು ಬೂದಿ ಬಟ್ಟಲು ಹಿಡಿದು ಬಂದಾಗ ಮುನಿಕೃಷ್ಣ ಹೊಸ ಹಾಸನ್ನು ಮಗ್ಗಕ್ಕೆ ಏರಿಸುತ್ತಿದ್ದ. "ದೊಡ್ಡಮ್ಮ, ಮುಂದಿನ ತಿಂಗಳೂ ಮಗ್ಗ ನಿಲ್ಲಿಸ್ಬೇಕಾ?" ಎಂದು ಕೇಳಿದ.

ಅವಳು ಮೊದಲ ಎಳೆ ಹಿಡಿದು ತಿರುವಿದಳು. "ನಿಲ್ಲಿಸೋದ್ಯಾಕೆ? ಹಾಸು ನವಮಿ ದಿನ ಮುಗಿಯೋ ಹಾಗೆ ನೇಯ್ಕೋ."