ತಡಿಯಮ್ಮ ಹಾಕಿದ ಸಹಿ

ನಮ್ಮ ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ತಡಿಯಮ್ಮ ಅಂತ ಅಡ್ಡಹೆಸರು. ಏನು ಕೇಳಿದರೂ ಮೊದಲು "ತಡಿ" ಅನ್ನೋಳು, ಅದಕ್ಕೆ. ಸ್ಕ್ಯಾನ್ ಚಿತ್ರಗಳನ್ನೆಲ್ಲ ಕೂಡಿಡುವ ಕಂಪ್ಯೂಟರನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡಳು. ಅಲ್ಲೇ ಸ್ಕ್ಯಾನ್ ತೆಗೆಯೋಳು ನಾನು. ನನಗೆ ಮೂಗಿನ ತುದೀಲೇ ಕೋಪ, ಅವಳಿಗೆ ಬರೋದೇ ಇಲ್ಲ. ಅದಕ್ಕೇ ನನಗೆ ಇನ್ನಷ್ಟು ಕೋಪ.

ಹೋದ ವರ್ಷ ಆ ಕಂಪ್ಯೂಟರಿನ ಹಳೇ ತಿರುಗುವ ಡಿಸ್ಕ್ ತೆಗೆದು, ತಿರುಗದೇ ಬರೆಯುವ ಹೊಸ ಫ್ಲಾಶ್ ಡಿಸ್ಕ್ ಹಾಕಿದರು. ಕಣ್ಣು ಮಿಟುಕಿಸೋದರಲ್ಲಿ ಕೆಲಸ ಆಗುತ್ತೆ ಅಂತ ಮ್ಯಾನೇಜರ್ ಊರಿಗೆಲ್ಲ ಡಂಗುರ ಸಾರಿದ. ಎಲ್ಲಿ ಆಯ್ತು? ಒಂದು ಸ್ಕ್ಯಾನ್ ಉಳಿಸೋಕೆ ಆಗಲೂ ನಲವತ್ತು ಸೆಕೆಂಡೇ. "ಡಿಸ್ಕ್ ಓಡೋಕೆ ರೆಡಿ ಇದೆ, ನೀನು ಅದರ ಕಾಲು ಕಟ್ಟಿದ್ದೀಯ" ಅಂತ ಚಿಕ್ಕಮ್ಮನ ಮೇಲೆ ಹರಿಹಾಯ್ದ.

ಅವಳು ಮೂರು ದಿನ ಕೂತು ಅಳೆದಳು. ನಿಧಾನ ಡಿಸ್ಕಿನದಲ್ಲ, ಯಾವ ಚಿತ್ರ ಎಲ್ಲಿದೆ ಅಂತ ನೆನಪಿಡುವ ಫೈಲ್ ಸಿಸ್ಟಮ್‌ದು. ಒಂದು ಸ್ಕ್ಯಾನ್ ಅಂದರೆ ಐನೂರು ಚೂರು ಚಿತ್ರ. ಪ್ರತಿ ಚೂರಿಗೂ ಅದು ನಿಂತು, ನಿಜವಾಗಿ ಬರೆದಾಯ್ತಾ ಅಂತ ಡಿಸ್ಕನ್ನು ಕೇಳಿ, ಉತ್ತರ ಬಂದಮೇಲೇ ಮುಂದಕ್ಕೆ ಹೋಗೋದು. "ಐನೂರನ್ನೂ ಒಂದೇ ಕಂತೆ ಮಾಡಿ ಬರೆದರೆ ಒಂದೇ ಸಲ ಕಾದರೆ ಸಾಕು. ಹದಿನೈದು ದಿನ ತಡೀರಿ, ಮಾಡಿಕೊಡ್ತೀನಿ" ಅಂದಳು.

ಅವನಿಗೆಲ್ಲಿ ತಾಳ್ಮೆ. ಗುರುವಾರ ಆಡಳಿತ ಮಂಡಳಿಯವರು ನೋಡೋಕೆ ಬರೋರಿದ್ದರು. "ಆ ಕಾಯೋದನ್ನೇ ಆಫ್ ಮಾಡು" ಅಂದ. ಚಿಕ್ಕಮ್ಮ ಬಿಡಿಸಿ ಹೇಳಿದಳು: "ಸರ್, ಮನೇಲಿ ಕೆಲಸ ಹೇಳಿದರೆ ಮಕ್ಕಳು 'ಆಯ್ತು' ಅಂತಾರಲ್ಲ, ಮುಗೀತು ಅಂತಲೋ, ಮಾಡ್ತೀನಿ ಅಂತಲೋ? ಕಾಯೋದನ್ನು ಆಫ್ ಮಾಡಿದರೆ ಕಂಪ್ಯೂಟರೂ ಹಾಗೇ ಆಯ್ತು ಅನ್ನುತ್ತೆ, ಚಿತ್ರ ಇನ್ನೂ ಡಿಸ್ಕಿಗೆ ಇಳಿದೇ ಇರಲ್ಲ. ಕರೆಂಟ್ ಹೋದರೆ ಹೋಯ್ತು." ಅವನು ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಡಿಸ್ಕ್ ಮಾರಿದವನನ್ನು ಕರೆಸಿ, ನನ್ನ ಕಣ್ಣೆದುರಿಗೇ ಆಫ್ ಮಾಡಿಸಿ, ಪಾಸ್‌ವರ್ಡ್ ತಾನೇ ಇಟ್ಟುಕೊಂಡ.

ಗುರುವಾರ ಎರಡೇ ಸೆಕೆಂಡ್. ಮಂಡಳಿಯವರು ಚಪ್ಪಾಳೆ ತಟ್ಟಿದರು. ಸೋಮವಾರ ಬೆಳಿಗ್ಗೆ ಕರೆಂಟ್ ಹೋಯ್ತು, ಬ್ಯಾಟರಿ ಕೈಕೊಟ್ಟಿತು, ಆಗಷ್ಟೇ ಮುಗಿದಿದ್ದ ಮೂವರ ಸ್ಕ್ಯಾನ್ ಮಾಯ. ಆಯ್ತು ಅಂದಿದ್ದನ್ನು ನಂಬಿ ನನ್ನ ಯಂತ್ರ ತನ್ನ ಪ್ರತಿಯನ್ನೂ ಅಳಿಸಿಬಿಟ್ಟಿತ್ತು. ನೋವಿಗೆ ನರಳುತ್ತಿದ್ದ ಒಬ್ಬ ಅಜ್ಜಿಗೆ ಮತ್ತೆ ಸೂಜಿ ಚುಚ್ಚಿ ಸ್ಕ್ಯಾನ್‌ಗೆ ಮಲಗಿಸಿದವಳು ನಾನು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಮಧ್ಯಾಹ್ನಕ್ಕೆ ಮ್ಯಾನೇಜರ್ ಕಾಗದ ತಯಾರು ಮಾಡಿಟ್ಟಿದ್ದ. ಸೆಟ್ಟಿಂಗ್ ಬದಲಾಯಿಸಿದ್ದು ತಾನೇ ಅಂತ ಚಿಕ್ಕಮ್ಮ ಒಪ್ಪಿಕೊಂಡಿದ್ದಾಳಂತೆ. ಹಾಗೆ ಬರೆಯೋಕೆ ಅವನಿಗೆ ಎಂಥ ಮುಖ ಇರಬೇಕು. "ಸಹಿ ಹಾಕಿದರೆ ಆಸ್ಪತ್ರೆ ಬಟ್ಟೆ ಉಗ್ರಾಣಕ್ಕೆ ವರ್ಗ, ಇಲ್ಲದಿದ್ದರೆ ಮನೆಗೆ" ಅಂದ.

"ಹಾಕಬೇಡ ಚಿಕ್ಕಮ್ಮ, ನಾನು ಸಾಕ್ಷಿ ಹೇಳ್ತೀನಿ" ಅಂದೆ.

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಹೊರಗೆ ಇನ್ನೂ ಹನ್ನೊಂದು ಜನ ಸ್ಕ್ಯಾನ್‌ಗೆ ಕೂತಿದ್ದಾರೆ. ಮೊದಲು ಪಾಸ್‌ವರ್ಡ್ ಕೊಡಿ, ಆ ಕಾಯೋದನ್ನು ಆನ್ ಮಾಡ್ತೀನಿ. ಆಮೇಲೆ ಸಹಿ" ಅಂದಳು. ಆನ್ ಮಾಡಿದಳು, ಒಂದು ಸ್ಕ್ಯಾನ್ ಉಳಿಸಿ ನೋಡಿದಳು, ಬಂದು ಸಹಿ ಹಾಕಿದಳು.

ಈಗ ಉಗ್ರಾಣದಲ್ಲಿ ಚಾದರ ಮಡಚಿಡ್ತಾಳೆ. ಕಂತೆ ಮಾಡುವ ಕೆಲಸಕ್ಕೆ ಯಾರೂ ಕೈ ಹಾಕಲಿಲ್ಲ. ಮೊನ್ನೆ ಆ ನಲವತ್ತು ಸೆಕೆಂಡ್ ಕಾಯುತ್ತಾ ಡಾಕ್ಟರು, "ತಡಿಯಮ್ಮ ಎಲ್ಲ ಹಾಳು ಮಾಡಿಟ್ಟು ಹೋದಳು" ಅಂತ ಗೊಣಗಿದರು. ನನಗೆ ತಡೆಯೋಕಾಗಲಿಲ್ಲ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

ಪೂರ್ತಿ ಕೇಳಿಸಿಕೊಂಡು ಅವರು, "ಕಾಗದದಲ್ಲಿ ಸಹಿ ಅವಳದೇ ಇದೆಯಲ್ಲಮ್ಮ" ಅಂದರು.