ಕಾಂಟೆಸ್ಸಾ ಅಂಕಲ್

ಅವರ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪು. ವರ್ಷಗಟ್ಟಲೆ ಕಾರಿನ ಕಿಟಕಿಯ ಮೇಲೆ ಒರಗಿ ಬಿಸಿಲು ಕುಡಿದ ಕೈ ಅದು. ಬಸವೇಶ್ವರನಗರದ ಎಳೆಬಿಸಿಲಲ್ಲಿ, ಹೊಂಗೆಮರದ ನೆರಳನ್ನು ಬಾನೆಟ್ಟಿನ ಮೇಲೆ ಹರಿಸಿಕೊಂಡು, ಹಾಲುಬಣ್ಣದ ಅವರ ಹಳೇ ಕಾಂಟೆಸ್ಸಾ ನಿದ್ದೆಗಣ್ಣಲ್ಲಿ ನಡೆದುಬರುವವರಂತೆ ಬರುತ್ತಿತ್ತು. ಎದುರಿಗೆ ನನ್ನ ಫಿಯಟ್. ಹೆಡ್‌ಲೈಟು ಎರಡು ಸಲ ಮಿನುಗಿಸಿದರೆ ಅದೇ ನಮ್ಮವರ ನಮಸ್ಕಾರ.

ನಮ್ಮದು ಹಳೇ ಕಾರಿನ ಹುಚ್ಚರ ವಾಟ್ಸಾಪ್ ಗುಂಪು. ದಾರಿಯಲ್ಲಿ ಯಾರ ಕಾರು ಕಂಡರೂ ಫೋಟೋ ಹೊಡೆದು, ಎಲ್ಲಿ ಕಂಡಿತೆಂದು ಬರೆದು ಹಾಕಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನನ್ನ ಹೆಂಡತಿ ಗೊಣಗುತ್ತಿದ್ದಳು. ಹೆಸರಿನ ಗೊಡವೆ ಯಾರಿಗೂ ಬೇಕಿರಲಿಲ್ಲ. ಅವರು ಕಾಂಟೆಸ್ಸಾ ಅಂಕಲ್, ನಾನು ಫಿಯಟ್.

"ಏನ್ ಫಿಯಟ್ಟು, ತಿಂಡಿ ಆಯ್ತಾ?" ಎಂದು ಸಿಗ್ನಲ್ಲಿನಲ್ಲಿ ಕೇಳುತ್ತಿದ್ದರು. ನಾನು ಅವರ ಕಾರಿನ ಬಂಪರ್ ನೋಡುತ್ತಲೇ "ಆಯ್ತು ಅಂಕಲ್" ಎನ್ನುತ್ತಿದ್ದೆ. ಹಸಿರು ದೀಪ ಬಿದ್ದರೆ ಅವರದು ಒಂದೇ ಮಾತು: "ನಿಧಾನಕ್ಕೆ ಹೋಗೋ, ಊರೆಲ್ಲೂ ಓಡೋಗಲ್ಲ."

ಕಣ್ಣು ಮಂಜಾಗಿ ಅವರು ಕಾರು ಮಾರಿದರು. ಆಮೇಲೊಂದು ಭಾನುವಾರ ವಿಜಯನಗರದ ಬಸ್‌ಸ್ಟಾಪಿನಲ್ಲಿ ಯಾರೋ ವಯಸ್ಸಾದವರು ಕೈಬೀಸಿದರು. ಲಿಫ್ಟ್ ಕೇಳುವವರೆಂದುಕೊಂಡು ಮುಂದೆ ಹೋಗಿಬಿಟ್ಟೆ. "ಫಿಯಟ್ಟೂ!" ಎಂಬ ಕೂಗು ಕೇಳಿ ಬ್ರೇಕ್ ಒತ್ತಿದೆ.

"ನಿನ್ ಗಾಡಿ ಸದ್ದಲ್ಲೇ ಗೊತ್ತಾಯ್ತು ಕಣೋ," ಎಂದರು ಅಂಕಲ್, ಹತ್ತಿ ಕೂರುತ್ತಾ. "ಕಾರ್ ಹೋದ್ಮೇಲೆ ನಾನ್ ಯಾರಿಗೂ ಕಾಣ್ತಾನೇ ಇಲ್ಲ. ಹಿಂಗೆ ಮುಂದಕ್ಕೆ ಹೋದೋರಲ್ಲಿ ನೀನು ನಾಲ್ಕನೆಯೋನು." ನಗುತ್ತಲೇ ಹೇಳಿದರು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವತ್ತು ಕೆಂಗೇರಿ ಉಪನಗರದ ಅವರ ಮಗಳ ಮನೆಯವರೆಗೂ ಮಾತಾಡಿಕೊಂಡು ಹೋದೆವು, ಕಾರಿನ ವಿಷಯ ಒಂದೂ ಬರಲಿಲ್ಲ.

ಕಳೆದ ತಿಂಗಳು ಅವರ ಫೋನಿನಿಂದಲೇ ಮಗಳು ಗುಂಪಿಗೆ ಬರೆದರು: ಅಪ್ಪ ತೀರಿಕೊಂಡರು. ಜೊತೆಗೆ ಹೆಸರು, ಫೋಟೋ. ಒಬ್ಬ ಕೇಳಿದ: "ಇವ್ರದು ಯಾವ ಕಾರ್ ಗುರು?" ನಾನು ಹೇಳಿದೆ. ಕ್ಷಣದಲ್ಲಿ ಗುಂಪಿನ ತುಂಬ ಹಾಲುಬಣ್ಣದ ಕಾಂಟೆಸ್ಸಾ. ನನ್ನಲ್ಲೇ ನಲವತ್ತು ಫೋಟೋಗಳಿದ್ದವು. ಒಂದರಲ್ಲೂ ಅವರ ಮುಖವಿರಲಿಲ್ಲ. ಅಳು ಬಂದುಬಿಟ್ಟಿತು.

ಸಂಜೆ ಮಗಳು ನನಗೊಬ್ಬನಿಗೇ ಒಂದು ಫೋಟೋ ಕಳಿಸಿದರು. "ಅಪ್ಪ ತೆಗೆದಿದ್ದು. ನೀವೇ ಅಲ್ವಾ?" ಕೆಂಗೇರಿಗೆ ಹೋದ ದಿನ ಪಕ್ಕದ ಸೀಟಿನಿಂದ ತೆಗೆದದ್ದು. ನಾನು ಉಜ್ಜಿ ಉಜ್ಜಿ ಹೊಳೆಯಿಸಿದ ಸ್ಟೀರಿಂಗೂ ಇಲ್ಲ, ಡ್ಯಾಶ್‌ಬೋರ್ಡೂ ಇಲ್ಲ. ನನ್ನ ಮುಖವಷ್ಟೇ ಇದೆ.